ಹೊಸ ಹುಡುಗ್ರು ಯಾಕೆ ನಿಲ್ಲುದಿಲ್ಲ? ಸಣ್ಣ ಅಂಗಡಿಯವ್ರು ಕೆಲ್ಸ ಕಲಿಸುವ ಕ್ರಮ, ಮೊದಲ ದಿನದಿಂದ ಲೆಕ್ಕ ಚುಕ್ತಾ ತನಕ

ಮಂಗ್ಳೂರಲ್ಲಿ ಅಂಗಡಿ ನಡೆಸುವವ್ರು ನಾಲ್ಕು ಜನ ಒಟ್ಟಿಗೆ ಚಾ ಕುಡಿಲಿಕ್ಕೆ ನಿಂತ್ರೆ ಮಾತು ಸುತ್ತಿ ಸುತ್ತಿ ಇದೇ ಜಾಗಕ್ಕೆ ಬರುದು. ಹುಡುಗ ಸೇರಿದ, ನಾಲ್ಕು ದಿನ ಒಳ್ಳೆದಿದ್ದ, ಎರಡನೇ ವಾರ ಗಿರಾಕಿ ಹತ್ರ ಜಗಳ, ಮೂರನೇ ವಾರ ಗಲ್ಲದಲ್ಲಿ (ದುಡ್ಡಿನ ಡ್ರಾವರಲ್ಲಿ) ಇನ್ನೂರು ಕಮ್ಮಿ, ತಿಂಗ್ಳು ತುಂಬುವ ಮೊದ್ಲೇ ಫೋನ್ ಸ್ವಿಚ್ ಆಫ್. ಆಮೇಲೆ ಧಣಿಗಳದ್ದು ಒಂದೇ ಮಾತು, ಈಗಿನವ್ರಿಗೆ ಕೆಲ್ಸ ಅಂದ್ರೆ ಉದಾಸೀನ ಮಾರಾಯ್ರೆ ಅಂತ. ನಾನು ಬೆಜೈ ಕಡೆ ಒಂದು ಬೇಕರಿ ಕಮ್ ಐಸ್‌ಕ್ರೀಂ ಪಾರ್ಲರ್ ನೋಡ್ಕೊಳ್ಳುದು, ಒಟ್ಟು 14 ಜನ, ಬಜ್ಪೆಯವ್ರು ಉಳ್ಳಾಲದವ್ರು ಇದ್ದಾರೆ, ಬಾಗಲಕೋಟೆಯವ್ರು ಇದ್ದಾರೆ, ಒಡಿಶಾ ಜಾರ್ಖಂಡ್‌ನವ್ರೂ ಇದ್ದಾರೆ. ಕೆಳಗೆ ಬರೆದ ತಪ್ಪುಗಳಲ್ಲಿ ಮುಕ್ಕಾಲು ಪಾಲು ನಾನೇ ಮಾಡಿದ್ದು. ಹೆಚ್ಚಿನ ಕಡೆ ಎಂತ ಆಗುದು ಹೇಳಿದ್ರೆ, ಕಲಿಸುವ ವಿಷಯ ಸರಿಯೇ ಇರ್ತದೆ, ಹಿಂದೆ ಮುಂದೆ ಆಗಿರ್ತದೆ ಅಷ್ಟೆ. ಹಾಗಾಗಿ ಹಂತ ತಪ್ಪಿಸ್ಬೇಡಿ.

ಮೊದ್ಲು ಇಷ್ಟು ಸಾಮಾನು ತಂದಿಡಿ

200 ಪೇಜಿನ ಒಂದು ಲಾಂಗ್ ಬುಕ್, ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಫ್ರೀಜರಿಗೆ ಒಂದು ಥರ್ಮಾಮೀಟರ್, ಲ್ಯಾಮಿನೇಶನ್ ಮಾಡಿದ ನಾಲ್ಕೈದು ಎ4 ಶೀಟ್, ಮಾರ್ಕರ್. ಸಾವಿರ ಚಿಲ್ಲರೆಗೆ ಮುಗೀತದೆ. ಇದ್ರ ಜೊತೆ ಹದಿನೈದು ದಿನ ಮಟ್ಟಿಗೆ ದಿನಕ್ಕೆ ನಿಮ್ಮ ಅರ್ಧ ಗಂಟೆ ಬೇಕು, ರಶ್ ಇಲ್ಲದ ಹೊತ್ತಲ್ಲಿ. ನಮ್ಮಲ್ಲಿ ಮಧ್ಯಾಹ್ನ 2.30ರಿಂದ 3. ಈ ಅರ್ಧ ಗಂಟೆ ಕೊಡ್ಲಿಕ್ಕೆ ಆಗದವ್ರು ಮುಂದೆ ಓದಿ ಪ್ರಯೋಜನ ಇಲ್ಲ, ಕೆಲ್ಸ ಬರುವವ್ರನ್ನೇ ನಾಲ್ಕು ಸಾವಿರ ಜಾಸ್ತಿ ಕೊಟ್ಟು ಹುಡುಕಿ.

ಹಂತ 1: ಕೆಲ್ಸವನ್ನು ಕಾಗದಕ್ಕೆ ಇಳಿಸಿ

ಹುಡುಗ ಬರುವ ಮೊದ್ಲೇ ಆಗ್ಬೇಕಾದ ಕೆಲ್ಸ ಇದು. ನಮ್ಮ ಕಡೆ ಟ್ರೈನಿಂಗ್ ಅಂದ್ರೆ "ಅವ್ನು ಮಾಡುದು ನೋಡಿ ಕಲಿ" ಅಂತ ಹೇಳಿ ಹಳೆ ಹುಡುಗನ ಪಕ್ಕ ನಿಲ್ಲಿಸುದು. ಹಳೆಯವನಿಗೆ ಪಿರಿಪಿರಿ, ಹೊಸಬನಿಗೆ ನಾಚಿಕೆ, ಕೊನೆಗೆ ಹಳೆಯವನ ಒಳ್ಳೆ ಕೈಗುಣಕ್ಕಿಂತ ಮೊದ್ಲು ಅವನ ಅಡ್ಡದಾರಿಗಳು ಹೊಸಬನಿಗೆ ಬರ್ತವೆ.

ಒಂದು ಕೆಲ್ಸಕ್ಕೆ ಒಂದು ಪೇಜು, ಹತ್ತು ಸಾಲಿಗಿಂತ ಹೆಚ್ಚು ಬೇಡ. ನಮ್ಮ ಗಡ್‌ಬಡ್‌ನ ಶೀಟ್ ಹೇಗುಂಟು ಹೇಳ್ತೇನೆ, ಗಡ್‌ಬಡ್ ಅಂದ್ರೆ ಗ್ಲಾಸಲ್ಲಿ ಹಣ್ಣು, ಐಸ್‌ಕ್ರೀಂ ಪದರ ಪದರ ಹಾಕಿ ಕೊಡುದು. ಉದ್ದ ಗ್ಲಾಸ್, ಒರೆಸಿ ಒಣಗಿದ್ದೇ ಆಗ್ಬೇಕು. ಅಡಿಗೆ ಜೆಲ್ಲಿ ಎರಡು ಚಮಚ. ಮೇಲೆ ಹೆಚ್ಚಿದ ಹಣ್ಣು. ವೆನಿಲ್ಲಾ ಒಂದು ಸ್ಕೂಪ್, ಅದ್ರ ಮೇಲೆ ಗೋಡಂಬಿ ದ್ರಾಕ್ಷಿ, ಮತ್ತೆ ಸ್ಟ್ರಾಬೆರಿ, ಮತ್ತೆ ಪಿಸ್ತಾ, ಕೊನೆಗೆ ಸಿರಪ್ ಮತ್ತು ಚೆರ್ರಿ. ಪ್ರತಿ ಸ್ಕೂಪ್ 60 ಗ್ರಾಂ. ಈ ಕೊನೇ ಸಾಲು ಬರೀದೇ ನಾವು ಎರಡು ವರ್ಷ ಅಂಗಡಿ ನಡೆಸಿದ್ದು! ಒಬ್ಬೊಬ್ಬನ ಕೈ ಒಂದೊಂದು ಥರ. ಒಂದು ಸ್ಕೂಪಿಗೆ 15 ಗ್ರಾಂ ಜಾಸ್ತಿ ಬಿತ್ತು ಅಂತ ಇಟ್ಕೊಳ್ಳಿ, ಗ್ಲಾಸಿಗೆ ಮೂರು ಸ್ಕೂಪ್, ದಿನಕ್ಕೆ 80 ಗ್ಲಾಸ್ ಹೋದ್ರೆ 3.6 ಕೆಜಿ ಐಸ್‌ಕ್ರೀಂ ಲೆಕ್ಕಕ್ಕೇ ಇಲ್ಲ. ನಾವು ಅದನ್ನು ಕಳ್ಳತನ ಅಂತ ತಿಳ್ಕೊಂಡು ಹುಡುಗ್ರ ಮುಖ ನೋಡ್ತಾ ಕೂತಿದ್ವಿ.

ಕನ್ನಡ ಓದ್ಲಿಕ್ಕೆ ಬಾರದವ್ರಿಗೆ ಫೋಟೋ ಹಾಕಿ. ನಿಮ್ಮ ಅಂಗಡಿಯ ಗ್ಲಾಸನ್ನೇ ಮೊಬೈಲಲ್ಲಿ ಹಂತ ಹಂತ ಫೋಟೋ ತೆಗ್ದು ಪ್ರಿಂಟ್ ಹೊಡೆಸಿ ಅಂಟಿಸಿದ್ರೆ ಭಾಷೆಯೇ ಬೇಡ. ಇಂಟರ್ನೆಟ್ಟಿಂದ ತೆಗ್ದ ಚಂದದ ಫೋಟೋ ಹಾಕ್ಬೇಡಿ, ಹುಡುಗ ಅದ್ರ ಹಾಗೆ ಮಾಡ್ಲಿಕ್ಕೆ ಹೋಗಿ ಒಂದು ಗ್ಲಾಸಿಗೆ ಹತ್ತು ಗೋಡಂಬಿ ಸುರಿತಾನೆ.

ಹಂತ 2: ಮೊದಲ ದಿನ ಗಿರಾಕಿ ಬೇಡ, ಮಾತು ಮಾತ್ರ

ಸೇರಿದ ದಿನವೇ ಟ್ರೇ ಕೈಗೆ ಕೊಟ್ಟು ರಶ್ಶಿಗೆ ದೂಡುದು ದೊಡ್ಡ ತಪ್ಪು. ಮೊದ್ಲು ಕೂರಿಸಿ ಈ ಪ್ರಶ್ನೆಗಳಿಗೆ ಅವ್ನು ಕೇಳುವ ಮೊದ್ಲೇ ಉತ್ತರ ಕೊಡಿ: ಸಂಬಳ ಎಷ್ಟು, ಎಷ್ಟನೇ ತಾರೀಕಿಗೆ, ಕೈಗಾ ಅಕೌಂಟಿಗಾ, ವಾರದ ರಜೆ ಯಾವತ್ತು, ಊಟ ಯಾರದ್ದು, ರೂಮಲ್ಲಿ ಎಷ್ಟು ಜನ, ಹುಷಾರಿಲ್ಲದಿದ್ರೆ ಯಾರಿಗೆ ಫೋನ್ ಮಾಡ್ಬೇಕು. ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಸೈನ್ ಹಾಕಿ ಅವನಿಗೊಂದು ಕಾಪಿ. ಅಪಾಯಿಂಟ್‌ಮೆಂಟ್ ಲೆಟರ್ ಅಂದ್ರೆ ದೊಡ್ಡ ಕಂಪನಿಯವ್ರಿಗೆ ಮಾತ್ರ ಅಂತ ಎಣಿಸ್ಬೇಡಿ.

10 ಅಥವಾ ಹೆಚ್ಚು ಜನ ಇದ್ರೆ ಇಎಸ್‌ಐ (ಕೆಲ್ಸದವ್ರ ಸರ್ಕಾರಿ ಆರೋಗ್ಯ ವಿಮೆ) ಬರ್ತದೆ, ತಿಂಗ್ಳಿಗೆ 21,000 ರೂಪಾಯಿ ತನಕ ಸಂಬಳ ಇರುವವ್ರಿಗೆ. ಅವರ ಸಂಬಳದಿಂದ ಹೋಗುದು 0.75 ಪರ್ಸೆಂಟ್, ನಿಮ್ಮ ಕೈಯಿಂದ 3.25. ಇದನ್ನು ಮೊದ್ಲೇ ಬಿಡಿಸಿ ಹೇಳದಿದ್ರೆ ಮೊದಲ ಸಂಬಳದ ದಿನ "ನನ್ನ ದುಡ್ಡು ಯಾಕೆ ಕಟ್ ಮಾಡಿದ್ರಿ" ಅಂತ ಶುರುವಾಗ್ತದೆ, ಅಲ್ಲಿಂದ ನಂಬಿಕೆ ಹೋಯ್ತು. ನಾನೀಗ ಲೆಕ್ಕ ಹಾಕಿಯೇ ತೋರಿಸುದು, 14,000 ಸಂಬಳ ಆದ್ರೆ ನಿನ್ನದು 105 ರೂಪಾಯಿ, ನಮ್ಮದು 455, ನಿಂಗೆ ಹುಷಾರಿಲ್ಲದಿದ್ರೆ ಇದ್ರಲ್ಲೇ ಆಸ್ಪತ್ರೆ ಅಂತ.

ಇಲ್ಲಿ ಆಗುವ ತಪ್ಪು ಮೂರು. ಒಂದು, ಆಧಾರ್ ಕಾರ್ಡ್ ಒರಿಜಿನಲ್ ತೆಗ್ದು ಇಟ್ಕೊಳ್ಳುದು; ಜೆರಾಕ್ಸ್ ಸಾಕು, ಒರಿಜಿನಲ್ ಹಿಡ್ಕೊಂಡ್ರೆ ಅವ್ನು ನಿಲ್ಲುದಿಲ್ಲ, ಓಡಿಹೋಗುವ ದಿನ ಲೆಕ್ಕ ಹಾಕ್ತಾನೆ. ಎರಡು, "ಹತ್ತು ದಿನ ಟ್ರಯಲ್, ಸಂಬಳ ಆಮೇಲೆ ನೋಡುವ" ಅನ್ನುದು. ಕೆಲ್ಸ ಮಾಡಿದ ದಿನಕ್ಕೆ ದುಡ್ಡು ಕೊಡ್ಬೇಕು, ಅದ್ರಲ್ಲಿ ನೋಡ್ಲಿಕ್ಕೆ ಎಂತದೂ ಇಲ್ಲ. ಮೂರು, ವಯಸ್ಸು ನೋಡದೆ ತೆಗೊಳ್ಳುದು. 14 ತುಂಬದವ್ರನ್ನು ಇಟ್ಟರೆ ಕೇಸು, ಆಮೇಲೆ ಯಾರ ಹತ್ರ ಹೇಳಿಸಿದ್ರೂ ಆಗ್ಲಿಕ್ಕಿಲ್ಲ.

ಹಂತ 3: ಕಲಿಸುವ ರೀತಿ, ನಾಲ್ಕು ಸುತ್ತು

ಒಂದು ಕೆಲ್ಸಕ್ಕೆ ನಾಲ್ಕು ಸುತ್ತು. ಮೊದಲನೇ ಸುತ್ತು ನೀವು ಮಾಡಿ, ಬಾಯಿ ಬಿಡ್ಬೇಡಿ, ಅವ್ನು ಬರೀ ನೋಡ್ಲಿ. ಎರಡನೇ ಸುತ್ತು ನಿಧಾನ ಮಾಡ್ತಾ ಹೇಳಿ, ಹೀಗೆ ಯಾಕೆ ಅಂತ ಕಾರಣವೂ ಹೇಳಿ. ಮೂರನೇ ಸುತ್ತು ಅವ್ನು ಮಾಡ್ಲಿ, ಮಾಡ್ತಾ ಅವ್ನೇ ನಿಮಗೆ ಹೇಳ್ಲಿ. ನಾಲ್ಕನೇ ಸುತ್ತು ಅವನೊಬ್ನೇ, ನೀವು ಆಚೆ ಹೋಗಿ, ಹತ್ತು ನಿಮಿಷ ಬಿಟ್ಟು ಬಂದು ನೋಡಿ.

ಹೆಚ್ಚಿನವ್ರು ಎರಡರಿಂದ ಸೀದಾ ನಾಲ್ಕಕ್ಕೆ ಹಾರ್ತಾರೆ. ಮೂರನೇದ್ರಲ್ಲೇ ಇರುದು ವಿಷಯ.

ಜಾರ್ಖಂಡ್‌ನ ಒಬ್ಬ ಹುಡುಗ ಇದ್ದ ನಮ್ಮಲ್ಲಿ, ಎಂತ ಹೇಳಿದ್ರೂ "ಹಾ ಭಯ್ಯಾ". ಸ್ಕೂಪ್ ಹಿಡಿಲಿಕ್ಕೆ ಕಲಿಸಿದೆ, ಅರ್ಥ ಆಯ್ತಾ ಕೇಳಿದೆ, ಹಾ ಭಯ್ಯಾ. ಎರಡು ದಿನ ಬಿಟ್ಟು ಗಿರಾಕಿ ಕಂಪ್ಲೇಂಟ್, ಐಸ್‌ಕ್ರೀಂ ಬಾಯಲ್ಲಿ ಮರಳಿನ ಹಾಗೆ ಕರಕರ ಅಂತದೆ ಅಂತ. ಕೂರಿಸಿ, ಈಗ ನೀನೇ ನನಗೆ ಕಲಿಸು ಅಂದೆ. ಅವ್ನು ಸ್ಕೂಪನ್ನು ನೀರಿನ ಡಬ್ಬಕ್ಕೆ ಅದ್ದಿದ, ನೀರು ಕೊಡವಲೇ ಇಲ್ಲ, ಹಾಗೇ ಟಬ್ಬಿನ ನಡು ಮಧ್ಯಕ್ಕೆ ಚುಚ್ಚಿದ. ಆ ನೀರೇ ಟಬ್ಬಲ್ಲಿ ಹರಳು ಕಟ್ತಾ ಇದ್ದದ್ದು. ನಾನು ಮಾಡುವಾಗ ಕೈ ತನ್ನಷ್ಟಕ್ಕೆ ಡಬ್ಬದ ಅಂಚಿಗೆ ಎರಡು ಸಲ ಟಕ್ ಟಕ್ ಅಂತ ಕುಟ್ತದೆ, ಆಮೇಲೆ ಮೇಲಿಂದ ಮೇಲೆ ಎಳ್ಕೊಂಡು ಬರ್ತದೆ. ಆದ್ರೆ ಕುಟ್ಟುದು ಒಂದು ಸ್ಟೆಪ್ ಅಂತ ನಂಗೇ ಗೊತ್ತಿರ್ಲಿಲ್ಲ, ಹಾಗಾಗಿ ಹೇಳಿಯೂ ಇರ್ಲಿಲ್ಲ. ಮತ್ತೆ ಅವ್ನು ಎಡಗೈಯವ್ನು, ನೀರಿನ ಸ್ಟೀಲ್ ಡಬ್ಬ ಇಟ್ಟದ್ದು ಬಲಕ್ಕೆ. ಎರಡನ್ನೂ ಸರಿ ಮಾಡಿದ್ವಿ, ಸ್ಟೀಲ್ ಡಬ್ಬ ಎಡಕ್ಕೆ ಬಂತು, ಶೀಟಲ್ಲಿ "ಎರಡು ಸಲ ಕುಟ್ಟು" ಅಂತ ಒಂದು ಸಾಲು ಸೇರಿತು.

ಆವತ್ತಿಂದ "ಅರ್ಥ ಆಯ್ತಾ" ಅನ್ನುವ ಪ್ರಶ್ನೆಯನ್ನೇ ನಾನು ಬಿಟ್ಟಿದ್ದೇನೆ. ತುಳುವಲ್ಲಿ ಕೇಳಿ, ಹಿಂದಿಯಲ್ಲಿ ಕೇಳಿ, ಉತ್ತರ ಹೌದು ಅಂತ್ಲೇ ಬರುದು, ಧಣಿ ಮುಂದೆ ಇಲ್ಲ ಅಂತ ಯಾರು ಹೇಳ್ತಾರೆ? ತೋರಿಸು ಅನ್ನಿ.

ಹಂತ 4: ಯಾವುದು ಮೊದ್ಲು, ಯಾವುದು ಕೊನೆಗೆ

ದಿನ 1ರಿಂದ 3: ಕೈ, ನೆಲ, ಫ್ರೀಜರ್. ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯುದು, ಉಗುರು, ತಲೆಗೆ ಟೋಪಿ. ಫ್ರೀಜರ್ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಕ್ರೀಂ ಕೇಕಿನ ಚಿಲ್ಲರ್ 5 ಡಿಗ್ರಿ ಒಳಗೆ. ಬೆಳಿಗ್ಗೆ ಸಂಜೆ ಎರಡು ಸಲ ನೋಡಿ ಬುಕ್ಕಲ್ಲಿ ಬರಿಲಿಕ್ಕೆ ಹೊಸಬನಿಗೇ ಕೊಡಿ, ಜವಾಬ್ದಾರಿಯ ರುಚಿ ಹತ್ತುದು ಹೀಗೆ. ಮಳೆಗಾಲದಲ್ಲಿ ನಮ್ಮ ಕರೆಂಟಿನ ಕಥೆ ಗೊತ್ತುಂಟಲ್ಲ, ಕರಗಿದ ಐಸ್‌ಕ್ರೀಂನ್ನು ವಾಪಸ್ ಗಟ್ಟಿ ಮಾಡಿ ಕೊಡುವ ಹಾಗಿಲ್ಲ, ಬಿಸಾಡಿದ್ದಕ್ಕೆ ಬೈಗುಳ ಇಲ್ಲ ಅಂತ ಮೊದಲ ದಿನವೇ ಹೇಳಿ. ಹೇಳದಿದ್ರೆ ಹೆದರಿ ಮುಚ್ಚಿಡ್ತಾರೆ. ವರ್ಷಕ್ಕೊಮ್ಮೆ ಮೆಡಿಕಲ್ ಚೆಕಪ್ ಮಾಡಿಸಿ ಸರ್ಟಿಫಿಕೇಟ್ ಫೈಲಲ್ಲಿ ಇಡಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ (FoSTaC) ಅಂತ ಒಂದು ಟ್ರೈನಿಂಗ್ ಉಂಟು, ತಿನ್ನುವ ವಸ್ತು ಮುಟ್ಟುವ 25 ಜನಕ್ಕೆ ಒಬ್ಬ ಅದನ್ನು ಮಾಡಿದ ಸೂಪರ್‌ವೈಸರ್ ಇರ್ಬೇಕು. ಧಣಿ ಬದ್ಲು ಕೆಲ್ಸದವ್ರಲ್ಲೇ ಚುರುಕು ಇರುವವ್ರನ್ನು ಕಳಿಸಿ, ನಾಳೆ ಕಲಿಸ್ಲಿಕ್ಕೆ ಒಂದು ಜನ ಆಯ್ತು.

ದಿನ 4ರಿಂದ 7 ಪಾರ್ಸೆಲ್ ಕಟ್ಟುದು, ಗ್ಲಾಸ್ ರೆಡಿ ಮಾಡುದು. 8ರಿಂದ 12 ಟೇಬಲ್ ಮತ್ತು ಕೌಂಟರ್, ಗಿರಾಕಿ ಹತ್ರ ಮಾತು. ಬಿಲ್ಲಿಂಗ್, ಗಲ್ಲ 13ನೇ ದಿನದ ನಂತ್ರ, ಅದೂ ಪಕ್ಕದಲ್ಲಿ ಒಬ್ರು ನಿಂತು. ದೂರದ ನೆಂಟ ಅಂತ ಹೇಳಿ ಎರಡನೇ ದಿನವೇ ಗಲ್ಲದಲ್ಲಿ ಕೂರಿಸುವವ್ರು ಉಂಟು, ಕೈಮುಗ್ದೆ ನಾನು ಅವ್ರಿಗೆ.

ಒಂದು ಹಂತ ಬರದವನನ್ನು ಮುಂದಿನ ಹಂತಕ್ಕೆ ದೂಡ್ಬೇಡಿ. ಅಷ್ಟಮಿ ಹತ್ರ ಬಂತು, ದಸರಾ ರಶ್ ಅಂತ ಅರ್ಜೆಂಟ್ ಇದ್ರೆ ರಶ್ಶಿಗೆ ಒಂದು ತಿಂಗ್ಳು ಮೊದ್ಲೇ ಜನ ತೆಗೊಳ್ಳಿ. ಉಡುಪಿಯಲ್ಲಿ ಅಂಗಡಿ ಇರುವವ್ರಿಗೆ ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಬರುವ ಕೃಷ್ಣ ಮಠದ ಪರ್ಯಾಯ ಯಾವಾಗ ಅಂತ ಎರಡು ವರ್ಷ ಮೊದ್ಲೇ ಗೊತ್ತಿರ್ತದೆ, ಆದ್ರೂ ಜನವರಿ 10ಕ್ಕೆ ಹುಡುಗ್ರನ್ನು ಹುಡುಕುದು ನಿಲ್ಲುದಿಲ್ಲ.

ಹಂತ 5: ದುಡ್ಡು ಮತ್ತು ಪ್ರಾಮಾಣಿಕತೆ

ಇದಕ್ಕೆ ಭಾಷಣ ಬೇಡ, ಏರ್ಪಾಡು ಬೇಕು. ನಮ್ಮದು ಹೀಗೆ. ಬೆಳಿಗ್ಗೆ ಗಲ್ಲದಲ್ಲಿ 2,000 ರೂಪಾಯಿ ಚಿಲ್ಲರೆ, ಇಬ್ರು ಎಣಿಸಿ ಸೈನ್. ಶಿಫ್ಟ್ ಬದ್ಲಾಗುವಾಗ ಮತ್ತೆ ಎಣಿಕೆ, ಕೊಡುವವ ತೆಗೊಳ್ಳುವವ ಇಬ್ಬರದ್ದೂ ಸೈನ್. ಬಿಲ್ ಕ್ಯಾನ್ಸಲ್ ಮಾಡಿದ್ರೆ ಆ ಬಿಲ್ಲಿನ ಹಿಂದೆ ಕಾರಣ ಬರೆದು ಡಬ್ಬಕ್ಕೆ. ಕ್ಯೂಆರ್ ಸ್ಟಿಕ್ಕರನ್ನು ದಿನಾ ಬೆಳಿಗ್ಗೆ ನೀವೇ ಒಂದು ರೂಪಾಯಿ ಹಾಕಿ ಚೆಕ್ ಮಾಡಿ, ಯಾರ ಹೆಸ್ರು ಬರ್ತದೆ ಅಂತ. ಮೇಲಿಂದ ಬೇರೆ ಸ್ಟಿಕ್ಕರ್ ಅಂಟಿಸುದು ಒಳಗಿನವ್ರೇ ಆಗ್ಬೇಕಂತ ಇಲ್ಲ, ಹೊರಗಿನವ್ರೂ ಮಾಡ್ತಾರೆ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬುದು ಬೇಡ, ಸೌಂಡ್‌ಬಾಕ್ಸ್ ಹೇಳಿದ ಮೇಲೆಯೇ ಪಾರ್ಸೆಲ್.

ಹುಡುಗ್ರು ತಿನ್ನುದಕ್ಕೂ ಒಂದು ಲೆಕ್ಕ ಇರ್ಲಿ. ದಿನಕ್ಕೆ ಎರಡು ಐಟಂ ಮತ್ತು ಒಂದು ಐಸ್‌ಕ್ರೀಂ ಅಂತ ನಾವು ಓಪನ್ನಾಗಿ ಬಿಟ್ಟಿದ್ದೇವೆ, ಪಫ್ಸಿನ ವಾಸನೆ ದಿನವಿಡೀ ಮೂಗಿಗೆ ಬಡೀತಾ ಇರುವಾಗ ತಿನ್ಬೇಡ ಅಂದ್ರೆ ಕದ್ದೇ ತಿನ್ನುದು, ನಾನಾದ್ರೂ ತಿಂತಿದ್ದೆ.

ಈಗ ನನ್ನ ತಪ್ಪು. ಒಂದು ರಾತ್ರಿ ಗಲ್ಲದಲ್ಲಿ 500 ಕಮ್ಮಿ ಬಂತು. ಆಗ ಎಣಿಕೆ ಸೈನ್ ಎಂತದೂ ಇರ್ಲಿಲ್ಲ. ಆ ದಿನ ಕೂತಿದ್ದವನನ್ನು ಎಲ್ಲರ ಎದ್ರು ನಿಲ್ಲಿಸಿ ಕೇಳಿದೆ, ಬೊಬ್ಬೆ ಹಾಕಿದೆ, ಸಂಬಳದಿಂದ ಕಟ್ ಮಾಡ್ತೇನೆ ಅಂದೆ, ಮಾಡಿಯೂ ಬಿಟ್ಟೆ. ಅವ್ನು ಒಂದು ಮಾತೂ ಆಡದೆ ವಾರದಲ್ಲಿ ಕೆಲ್ಸ ಬಿಟ್ಟ. ಚೌತಿಗೆ ಮೊದ್ಲು ಕ್ಲೀನ್ ಮಾಡ್ಲಿಕ್ಕೆ ಗಲ್ಲದ ಡ್ರಾವರ್ ಪೂರ್ತಿ ಎಳೆದ್ರೆ ಹಿಂದಿನ ಸಂದಿಯಲ್ಲಿ 500ರ ನೋಟು, ಮಡಚಿ ಜೇಡರ ಬಲೆ ಕಟ್ಟಿತ್ತು. ಫೋನ್ ಮಾಡಿದೆ, ತೆಗೀಲಿಲ್ಲ. ಗೂಗಲ್ ಪೇ ಮಾಡಿ ತಪ್ಪಾಯ್ತು ಅಂತ ಮೆಸೇಜ್ ಹಾಕಿದೆ, ಬ್ಲೂ ಟಿಕ್ ಬಂತು, ಉತ್ತರ ಇಲ್ಲ. ನಷ್ಟ ಆಯ್ತು ಅಂತ ಸಂಬಳಕ್ಕೆ ಕೈ ಹಾಕುವ ಮೊದ್ಲು ಅವನ ಮಾತು ಕೇಳ್ಬೇಕು ಅಂತ ಕಾನೂನಲ್ಲೇ ಉಂಟು, ಅದು ನಂಗೆ ಆಮೇಲೆ ಗೊತ್ತಾದದ್ದು.

ಇನ್ನು ನಿಮ್ಮ ಕಡೆಯ ಪ್ರಾಮಾಣಿಕತೆ. ಬಿಡಿ ಸ್ವೀಟಿನ ಟ್ರೇಗೆ ಯಾವ ದಿನದೊಳಗೆ ತಿನ್ಬೇಕು ಅಂತ ತಾರೀಕು ಹಾಕುದು 2020ರ ಅಕ್ಟೋಬರ್ 1ರಿಂದ ಕಡ್ಡಾಯ. "ಆ ಸ್ಟಿಕ್ಕರ್ ತೆಗ್ದು ನಾಳೆದು ಹಾಕು, ಎಂತ ಆಗುದಿಲ್ಲ" ಅಂತ ಒಂದು ಸಲ ನೀವು ಹುಡುಗನ ಹತ್ರ ಹೇಳಿದ್ರೆ ಮುಗೀತು. ಗಿರಾಕಿಗೆ ಮೋಸ ಮಾಡ್ಬಹುದು ಅಂತ ನೀವೇ ಕಲಿಸಿದ ಹಾಗೆ, ಆಮೇಲೆ ನಿಮಗೆ ಮಾಡುದಿಲ್ಲ ಅಂತ ಯಾವ ಬಾಯಲ್ಲಿ ಹೇಳುದು?

ಹಂತ 6: ಬೈಯುದಕ್ಕೂ ಒಂದು ಕ್ರಮ ಉಂಟು

ಗಿರಾಕಿ ಎದ್ರು ಬೈಬೇಡಿ. ಗಿರಾಕಿಗೆ ಸಾರಿ ಹೇಳುದು ನೀವು, ಹುಡುಗನ ಹತ್ರ ಮಾತು ಒಳಗೆ, ಅದೇ ದಿನ. ಎಂತ ಆಯ್ತು ಅಂತ ಮೊದ್ಲು ಅವನ ಬಾಯಲ್ಲಿ ಕೇಳಿ. ಶೀಟಲ್ಲಿ ಇಲ್ಲದ ವಿಷಯಕ್ಕೆ ತಪ್ಪಾದ್ರೆ ಅದು ನಿಮ್ಮದು, ಶೀಟಿಗೆ ಸೇರಿಸಿ. ಕಲಿತೂ ಮಾಡಿದ್ರೆ ಹಂತ 3ರ ಮೂರನೇ ಸುತ್ತಿಗೆ ವಾಪಸ್. ಮೂರನೇ ಸಲವೂ ಅದೇ ಆದ್ರೆ ಬುಕ್ಕಲ್ಲಿ ಬರೆದು ಸೈನ್. ಅಪ್ಪ ಅಮ್ಮ, ಊರು, ಜಾತಿ, ಭಾಷೆ ಎತ್ತಿ ಮಾತಾಡುವ ಸೀನಿಯರ್ ಇದ್ರೆ ಅವನ ಕೈಗುಣ ಎಷ್ಟೇ ಒಳ್ಳೆದಿದ್ರೂ ಅವನನ್ನೇ ಮೊದ್ಲು ಸರಿ ಮಾಡಿ, ಅವನೊಬ್ನಿಂದ ವರ್ಷಕ್ಕೆ ಐದು ಜನ ಬಿಟ್ಟು ಹೋಗಿರ್ತಾರೆ, ನಿಮಗೆ ಗೊತ್ತೇ ಇರುದಿಲ್ಲ.

ಹಂತ 7: ಮನಸ್ಸಿಟ್ಟು ಕೆಲ್ಸ ಮಾಡ್ಬೇಕಂತ ಇದ್ರೆ

ತಿಂಗಳ ಬೆಸ್ಟ್ ಕೆಲಸಗಾರ ಅಂತ ಗೋಡೆಗೆ ಫೋಟೋ ಹಾಕುದೆಲ್ಲ ಪೊಕ್ಕಡೆ, ಸುಮ್ಮನೆ. ನಾವೂ ಮಾಡಿ ನೋಡಿದ್ವಿ, ಮೂರು ತಿಂಗ್ಳು ಮೂರು ಫೋಟೋ, ಆಮೇಲೆ ಉಳಿದವ್ರು ಆ ಮೂವರ ಹತ್ರ ಮಾತೇ ಬಿಟ್ರು. ಪ್ರಯೋಜನಕ್ಕೆ ಬಂದದ್ದು ಬೇರೆಯೇ.

ಸಂಬಳ 5ನೇ ತಾರೀಕು ಅಂದ್ರೆ 5ಕ್ಕೇ, ಭಾನುವಾರ ಬಂದ್ರೆ 4ಕ್ಕೆ. ವಾರದ ರಜೆಗೆ ಕೈ ಹಾಕ್ಲಿಕ್ಕಿಲ್ಲ. ಊರಿನ ರಜೆಯನ್ನು ಮೂರು ತಿಂಗ್ಳು ಮೊದ್ಲೇ ಕ್ಯಾಲೆಂಡರಲ್ಲಿ ಬರ್ಸಿ: ನಮ್ಮ ಹುಡುಗ್ರಿಗೆ ಮನೆ ಕೋಲ (ದೈವದ ನೇಮ) ಅಂದ್ರೆ ಹೋಗಲೇಬೇಕು, ನೀವು ರಜೆ ಕೊಡದಿದ್ರೂ ಹೋಗ್ತಾರೆ, ಅಜ್ಜಿಯನ್ನು ಎರಡನೇ ಸಲ ಸಾಯಿಸಿ ಹೋಗ್ತಾರೆ. ಒಡಿಶಾದವ್ನು ವರ್ಷಕ್ಕೊಮ್ಮೆ ಊರಿಗೆ ಹೋದ್ರೆ ರೈಲಲ್ಲೇ ನಾಲ್ಕೈದು ದಿನ ಹೋಗ್ತದೆ, ಅವನಿಗೆ ಒಟ್ಟಿಗೆ 20 ದಿನ ಕೊಡಿ, ರಿಟರ್ನ್ ಟಿಕೆಟ್ ನೀವೇ ಮಾಡಿಸಿ. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬಂದವನನ್ನು ಬೆಳಿಗ್ಗೆ ಗಲ್ಲಕ್ಕೆ ಹಾಕ್ಬೇಡಿ, ಗೋದಾಮಿಗೆ ಕಳಿಸಿ.

ಕೂರ್ಲಿಕ್ಕೆ ಸ್ಟೂಲ್ ಇಡಿ. ತಲಪಾಡಿ ದಾಟಿದ್ರೆ ಕೇರಳ, ಅಲ್ಲಿ 2018ರಲ್ಲೇ ಅಂಗಡಿ ಕೆಲ್ಸದವ್ರಿಗೆ ಕೂರುವ ಹಕ್ಕು ಅಂತ ಕಾನೂನಲ್ಲಿ ಬಂದಾಯ್ತು, ಇಲ್ಲಿ ಇನ್ನೂ ಹುಡುಗಿಯರು ಹತ್ತು ಗಂಟೆ ನಿಂತೇ ಇರುದು ಕಾಣ್ತದೆ. ಮತ್ತೆ ಮೇಲೆ ಹೋಗುವ ಮೆಟ್ಟಿಲು ಬೇಕು. ಆರು ತಿಂಗ್ಳಿಗೆ ಕೌಂಟರಿನ ಪೂರ್ತಿ ಜವಾಬ್ದಾರಿ, ವರ್ಷಕ್ಕೆ ಕ್ಯಾಶಿನದ್ದು, ಎರಡು ವರ್ಷಕ್ಕೆ ಶಿಫ್ಟ್ ಇನ್‌ಚಾರ್ಜ್, ಪ್ರತಿ ಮೆಟ್ಟಿಲಿಗೆ ಇಂತಿಷ್ಟು ಜಾಸ್ತಿ ಅಂತ ಬರೆದಿಡಿ.

ಹಂತ 8: ಹೆಣ್ಮಕ್ಕಳ ಸುರಕ್ಷೆ

10 ಅಥವಾ ಹೆಚ್ಚು ಜನ ಇದ್ರೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಬೇಕೇ ಬೇಕು. ಅಧ್ಯಕ್ಷೆ ಹೆಂಗಸೇ ಆಗ್ಬೇಕು, ಅರ್ಧಕ್ಕಿಂತ ಕಮ್ಮಿ ಇಲ್ಲದ ಹಾಗೆ ಹೆಂಗಸರು, ಹೊರಗಿನ ಒಬ್ಬ ಸದಸ್ಯರು. ಹತ್ತಕ್ಕಿಂತ ಕಮ್ಮಿ ಜನ ಇರುವಲ್ಲಿಯವ್ರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡ್ಬಹುದು. ಘಟನೆ ಆಗಿ ಮೂರು ತಿಂಗ್ಳೊಳಗೆ. ಸಮಿತಿಯವ್ರ ಹೆಸ್ರು, ನಂಬರ್ ಬಟ್ಟೆ ಬದಲಿಸುವ ರೂಮಿನ ಬಾಗಿಲಿಗೆ ಅಂಟಿಸಿ, ಆಫೀಸಿನ ಫೈಲಲ್ಲಿ ಇಟ್ಟರೆ ಯಾರಿಗೆ ಕಾಣ್ತದೆ? ದೂರು ಕೊಟ್ಟವಳ ಶಿಫ್ಟ್ ಬದ್ಲಿಸಿ ವಿಷಯ ಮುಗಿಸ್ಬೇಡಿ, ಅದು ಅವಳಿಗೆ ಶಿಕ್ಷೆ ಕೊಟ್ಟ ಹಾಗೆ.

ಯಾವುದು ಕಂಡ್ರೆ ಎಚ್ಚರ ಆಗ್ಬೇಕು

ಪ್ರಶ್ನೆ ಕೇಳ್ತಿದ್ದವ ಕೇಳುದು ಬಿಟ್ರೆ. ಗಲ್ಲದ ಲೆಕ್ಕ ದಿನಾ ಒಂದು ರೂಪಾಯಿ ವ್ಯತ್ಯಾಸ ಇಲ್ಲದೆ ಸರಿ ಬಂದ್ರೆ. ಚಿಲ್ಲರೆ ವ್ಯಾಪಾರದಲ್ಲಿ ಅದು ಆಗುದಿಲ್ಲ, ಯಾರೋ ಹೊಂದಿಸ್ತಾ ಇದ್ದಾರೆ. ಫ್ರೀಜರ್ ಬುಕ್ಕಲ್ಲಿ ಒಂದು ವಾರದ ನಂಬರ್ ಎಲ್ಲ ಒಂದೇ ಪೆನ್ನಲ್ಲಿ ಒಂದೇ ಸಲ ಬರೆದ ಹಾಗೆ ಇದ್ರೆ. ಕ್ಯಾನ್ಸಲ್ ಬಿಲ್ ಒಂದೇ ಶಿಫ್ಟಲ್ಲಿ ಜಾಸ್ತಿ ಆದ್ರೆ. ಒಬ್ಬ ರಜೆಯೇ ಹಾಕದಿದ್ರೆ, ಗಲ್ಲದವ್ನು ವರ್ಷವಿಡೀ ರಜೆ ಬೇಡ ಅಂದ್ರೆ ಖುಷಿ ಪಡ್ಬೇಡಿ, ಒಂದು ವಾರ ಒತ್ತಾಯ ಮಾಡಿ ಕಳಿಸಿ ಬೇರೆಯವ್ರನ್ನು ಕೂರಿಸಿ ನೋಡಿ. ನೀವು ಬಂದ ಕೂಡ್ಲೆ ಒಳಗಿನ ನಗು ನಿಂತ್ರೆ, ಅದು ಮರ್ಯಾದೆ ಅಂತ ತಿಳ್ಕೊಳ್ಬೇಡಿ.

ಹಂತ 9: ಬಿಟ್ಟು ಹೋಗುವವ್ರನ್ನು ಕಳಿಸುದು

ಇದೂ ಟ್ರೈನಿಂಗೇ, ಉಳಿದ 13 ಜನ ನೋಡ್ತಾ ಇರ್ತಾರೆ. ವೇತನ ಸಂಹಿತೆ (ಸಂಬಳದ ಬಗ್ಗೆ ಕೇಂದ್ರದ ಕಾನೂನು) ಪ್ರಕಾರ ಬಿಟ್ಟವ್ರ ಬಾಕಿ ಸಂಬಳ ಎರಡು ಕೆಲ್ಸದ ದಿನದೊಳಗೆ ಕೊಡ್ಬೇಕು, "ಮುಂದಿನ ತಿಂಗ್ಳು ಬಾ" ಅಂತ ಓಡಾಡಿಸ್ಬೇಡಿ. ಒಂದು ಚಾ ಕುಡಿಸಿ ಯಾಕೆ ಬಿಡುದು ಕೇಳಿ. ಹೋಗುವವ್ನು ಇನ್ನು ನಿಮಗೆ ಹೆದರ್ಬೇಕಂತ ಇಲ್ಲ, ಹಾಗಾಗಿ ಆವತ್ತು ಹೇಳುದು ಹೆಚ್ಚಾಗಿ ನಿಜ ಇರ್ತದೆ, ಸೀನಿಯರಿನ ಬಾಯಿ ವಿಷಯ ನಂಗೆ ಗೊತ್ತಾದದ್ದೂ ಹಾಗೇ. ಕೀ ವಾಪಸ್ ತೆಗೊಳ್ಳಿ, ಬಿಲ್ಲಿಂಗ್ ಪಾಸ್‌ವರ್ಡ್ ಬದ್ಲಿಸಿ, ವಾಟ್ಸಾಪ್ ಗ್ರೂಪಿಂದ ತೆಗೀರಿ. ಅವ್ನು ಹೋದ ದಿನವೇ ಲ್ಯಾಮಿನೇಶನ್ ಶೀಟ್ ಎಲ್ಲ ಇಳಿಸಿ ಒಮ್ಮೆ ಓದಿ, ಹೊಸಬ ಬರ್ಲಿಕ್ಕೆ ಹೆಚ್ಚು ದಿನ ಇರ್ಲಿಕ್ಕಿಲ್ಲ.